ನೂರೆಂಟು ಸಲ ತೌಡು

ಲೊಕ್ಕನಹಳ್ಳಿಯ ಹಿಟ್ಟಿನ ಮಿಲ್ಲಿನ ಷಡಕ್ಷರಿಗೆ ಭಗವಂತ ಎರಡು ಕಿವಿ ಕೊಟ್ಟಿದ್ದ. ಎರಡೂ ಒಳ್ಳೆಯ ಕಿವಿಗಳೇ. ಮೋಟಾರು ಗುಡುಗುತ್ತಿರುವಾಗ ಒಳಗೆ ರಾಗಿ ಮುಗಿದು ಬರಿಗಲ್ಲು ತಿರುಗಲು ಇನ್ನೆಷ್ಟು ಹೊತ್ತಿದೆ ಎಂಬುದನ್ನು ಆತ ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ಯಾರ ಮನೆಯ ರಾಗಿಯಲ್ಲಿ ಮರಳಿದೆ ಎಂಬುದನ್ನು ಸದ್ದಿನಲ್ಲೇ ಹಿಡಿದು, ಆ ಮನೆಯವರ ಮರ್ಯಾದೆಗಾಗಿ ಬಾಯಿ ಮುಚ್ಚಿಕೊಂಡೂ ಇರಬಲ್ಲ. ಇಂಥ ಕಿವಿಯವನಿಗೆ ಸ್ವಂತ ಮಗಳು ಮಾಡಿದ ಹಾಡಿನಲ್ಲಿ ಏನಿದೆ ಎನ್ನುವುದು ಒಂದೂವರೆ ತಿಂಗಳು ಕೇಳಿಸಲಿಲ್ಲ. ಆ ಒಂದೂವರೆ ತಿಂಗಳ ಕಥೆ ಇದು. ಸಾವಧಾನವಾಗಿ ಕೇಳಬೇಕು. ಅವಸರದವರಿಗೆ ಷಡಕ್ಷರಿಗೆ ಆದದ್ದೇ ಆಗುತ್ತದೆ.

ಮೊದಲು ಮಿಲ್ಲಿನಲ್ಲಿ ಇಬ್ಬರಿದ್ದರು. ಮೋಟಾರಿನ ಕಡೆ ಷಡಕ್ಷರಿ, ಕಾಳು ಸುರಿಯುವ ಕಡೆ ಹೆಂಡತಿ ವೀರಮ್ಮ. ಮಿಲ್ಲಿಗೆ ಬಂದವರೆಲ್ಲ ಮೋಟಾರಿಗಿಂತ ಜೋರಾಗಿ ಅರಚಿ ಗಂಟಲು ಕೆಡಿಸಿಕೊಳ್ಳುತ್ತಿದ್ದರೆ ವೀರಮ್ಮ ಮಾತ್ರ ದನಿ ಎತ್ತುತ್ತಿರಲಿಲ್ಲ. ಬಾಗಿಲ ಸಂದಿಯಲ್ಲಿ ಬೆಕ್ಕು ನುಸುಳುವ ಹಾಗೆ, ಸದ್ದಿನ ಅಡಿಯಲ್ಲಿ ನುಸುಳಿಸಿ ಮಾತಾಡುವಳು. ಒಬ್ಬೊಬ್ಬರ ಚೀಲ ಮುಗಿಯುವಾಗಲೂ ಅದರ ಮೂಲೆ ಕೊಡವುತ್ತ, "ನಿಲ್ಲಿಸ್ಬ್ಯಾಡಿ, ಇನ್ನೊಂದ್ ಹಿಡಿ ಅದೆ" ಅನ್ನುವಳು. ಇಪ್ಪತ್ತೆರಡು ವರ್ಷ, ದಿನಕ್ಕೆ ಮೂವತ್ತು ಸಲ ಆಡಿದ ಮಾತು. ಮೂರು ವರ್ಷದ ಹಿಂದೆ ಶ್ರಾವಣದಲ್ಲಿ ಹತ್ತು ದಿನದ ಜ್ವರಕ್ಕೆ ವೀರಮ್ಮ ಶಿವನ ಪಾದ ಸೇರಿದಳು. ಚೀಲ ಕೊಡವುವ ಕೆಲಸವನ್ನು ಷಡಕ್ಷರಿ ತಾನೇ ಮಾಡಿಕೊಂಡ. ಮಾತು ಮಾತ್ರ ಆಡುವವರಿಲ್ಲದೆ ನಿಂತುಹೋಯಿತು.

ಮಗಳು ನಾಗಶ್ರೀ ಮೈಸೂರಿನಲ್ಲಿ ಚಿಕ್ಕ ಮಕ್ಕಳಿಗೆ ಪಾಠ ಹೇಳುತ್ತಾಳೆ. ಪ್ರತಿ ಭಾನುವಾರ ಹತ್ತು ಗಂಟೆಗೆ ಫೋನು.

"ತಿಂಡಿ ಆಯ್ತಾ ಅಪ್ಪ?"

"ಆಯ್ತು ಕೂಸೇ. ನಿಂದು?"

"ಆಯ್ತು."

ಮಾತು ಇಷ್ಟೇ. ತೀರಿಹೋದವಳ ಹೆಸರನ್ನು ಅಪ್ಪನೂ ಎತ್ತುತ್ತಿರಲಿಲ್ಲ, ಮಗಳೂ ಎತ್ತುತ್ತಿರಲಿಲ್ಲ. ಆದರೂ ಈ ಎರಡು ಮಾತಿಗಾಗಿ ಷಡಕ್ಷರಿ ಭಾನುವಾರ ಬೆಳಿಗ್ಗೆಯೇ ಮುಖಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟು, ವಿಭೂತಿ ಧರಿಸಿ ಫೋನಿನ ಎದುರು ಕೂರುತ್ತಿದ್ದ.

ದೀಪಾವಳಿಗೆ ಬಂದ ನಾಗಶ್ರೀ ಹೊರಡುವ ದಿನ ಒಂದು ಪೆನ್‌ಡ್ರೈವನ್ನು ಅಪ್ಪನ ಅಂಗೈಗಿಟ್ಟಳು. ಫೋನಿಗೂ ಅದನ್ನೇ ತುಂಬಿಸಿ, ಅಂಗೈಯಗಲದ ಸ್ಪೀಕರ್ ಡಬ್ಬಿಯೊಂದನ್ನು ಜೊತೆಗೆ ಕೊಟ್ಟಳು.

"ನಾವು ನಾಲ್ಕು ಜನ ಸೇರಿ ಮಾಡಿರೋ ಆಲ್ಬಮ್ ಅಪ್ಪ. ಒಂಬತ್ತು ಹಾಡು. ಹೆಸರು ತೌಡು."

"ತೌಡಾ? ಎಮ್ಮೆಗಾ?"

"ಕೇಳಕ್ಕೆ."

"ಮಿಲ್ಲಿನೋನ ಮಗಳಾಗಿ ಹಿಟ್ಟು ಅಂತನಾರ ಇಡಬಾರ್ದಾಗಿತ್ತಾ ಕೂಸೇ?"

ನಾಗಶ್ರೀ ನಕ್ಕಳು. "ಇಂಥ ಸಂಗೀತಕ್ಕೆ ಶೂಗೇಜ್ ಅಂತಾರೆ. ನುಡಿಸೋರು ಜನರ ಮುಖ ನೋಡಲ್ಲ. ತಲೆ ತಗ್ಗಿಸಿ ಪಾದ ನೋಡ್ಕೊಂಡೇ ನುಡಿಸ್ತಾರೆ. ಗಿಟಾರ್ ಸದ್ದು ತುಂಬ ಇರುತ್ತೆ, ದನಿ ಒಳಗೆಲ್ಲೋ ಹುದುಗಿರುತ್ತೆ. ಒಂದು ಸಲಕ್ಕೆ ಸಿಗಲ್ಲ, ಮತ್ತೆ ಮತ್ತೆ ಕೇಳ್ಬೇಕು. ಅದರಲ್ಲೊಂದು ನಿನಗೇ ಅಂತ ಮಾಡಿರೋದು. ಯಾವುದು ಅಂತ ನಾನು ಹೇಳಲ್ಲ. ನೀನೇ ಹೇಳ್ಬೇಕು."

ಇಷ್ಟರಲ್ಲಿ ಷಡಕ್ಷರಿಯ ತಲೆಯೊಳಗೆ ಇಳಿದದ್ದು ಎರಡೇ ಸಂಗತಿ: ತಲೆ ತಗ್ಗಿಸುತ್ತಾರೆ, ಪಾದ ನೋಡುತ್ತಾರೆ. ಯಾರ ಪಾದ ಎಂದು ಕೇಳುವ ಅಗತ್ಯ ಆತನಿಗೆ ಕಾಣಲಿಲ್ಲ. ನಮ್ಮ ಸೀಮೆಯಲ್ಲಿ ತಲೆ ತಗ್ಗಿಸಿ ನೋಡುವ ಪಾದ ಒಂದೇ. ಅದು ಏಳುಮಲೆಯ ಮಾದಪ್ಪನದು.

ಮಗಳ ಬಸ್ಸು ಕೊಳ್ಳೇಗಾಲ ಮುಟ್ಟುವ ಮೊದಲೇ, ನಾಗಶ್ರೀ ಮಾದಪ್ಪನ ಪಾದದ ಮೇಲೆ ಒಂಬತ್ತು ಹಾಡು ಹಾಡಿದ್ದಾಳೆಂಬ ಸುದ್ದಿ ಊರೆಲ್ಲ ಸುತ್ತಿತು. ಆ ಸುದ್ದಿ ಹನೂರು ಮುಟ್ಟುವಾಗ ಒಂಬತ್ತು ಹತ್ತೊಂಬತ್ತಾಗಿತ್ತು. ಯಳಂದೂರಿನಲ್ಲಿದ್ದ ಷಡಕ್ಷರಿಯ ಅಕ್ಕ ಶಿವರತ್ನಮ್ಮನ ಕಿವಿಗೆ ಬೀಳುವಾಗ, ಕೂಸಿನ ಕ್ಯಾಸೆಟ್ಟು ಬೆಟ್ಟದ ಮೇಲೆ ಬಿಡುಗಡೆಯಾಗಿದೆ, ತಮ್ಮ ಹೇಳಿಕಳಿಸಲೇ ಇಲ್ಲ ಎಂದು ಆಕೆ ಅತ್ತೂ ಆಗಿತ್ತು.

ಕಾರ್ತಿಕ ಸೋಮವಾರ ಬಸವೇಶ್ವರನ ಗುಡಿಯ ಮುಂದೆ ಊರು ಸೇರಿತು. ಮೈಕ್ ಸೆಟ್ಟಿನ ಶಾಂತರಾಜು ಆ ದಿನ ಬಾಡಿಗೆ ಬೇಡವೆಂದು ನಾಲ್ಕು ದೊಡ್ಡ ಪೆಟ್ಟಿಗೆ ಇಟ್ಟಿದ್ದ. ಮುಂದಿನ ಸಾಲಿನಲ್ಲಿ ಶಿವರತ್ನಮ್ಮ, ಪಕ್ಕದಲ್ಲಿ ನೆರೆಮನೆಯ ಮುದುಕಿ ಪುಟ್ಟಬಸಮ್ಮ. ಷಡಕ್ಷರಿ ಸ್ವಾಮಿಗೆ ಕೈ ಮುಗಿದು, "ಹಾಕಪ್ಪಾ" ಎಂದ.

ಶಾಂತರಾಜು ಹಾಕಿದ.

ಆಗ ಬಂದ ಸದ್ದನ್ನು ಬರೆದು ತಿಳಿಸುವುದು ಕಷ್ಟ. ತಗಡಿನ ಸೂರಿನ ಮೇಲೆ ಆಲಿಕಲ್ಲು ಸುರಿಯುವಾಗ ಸೂರಿನ ಕೆಳಗೆ ನಾಲ್ಕು ಟ್ರಾಕ್ಟರು ಒಟ್ಟಿಗೆ ಚಾಲೂ ಆದರೆ ಹೇಗೋ ಹಾಗೆ ಎನ್ನಬಹುದು. ಗುಡಿಯ ಗೋಪುರದ ಪಾರಿವಾಳಗಳು ಎದ್ದು ಹೋದವು. ಶಾಂತರಾಜು ಹಾರಿಬಿದ್ದು ಒಂದು ವೈರು ಕಿತ್ತ, ಇನ್ನೊಂದು ಸಿಕ್ಕಿಸಿದ, ಪೆಟ್ಟಿಗೆಗೆ ಗುದ್ದಿದ.

"ಅರ್ತ್ ವೈರು ಕಿತ್ತೋಗದೆ ಕಣಣ್ಣ!"

"ಬುಡ್ಲಾ, ಹಾಡು ಈಗ ಬತ್ತದೆ" ಎಂದ ಷಡಕ್ಷರಿ.

ಶಾಂತರಾಜು ಕೇಳಲಿಲ್ಲ. ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿ, ಸ್ಕ್ರೂಗಳನ್ನು ಬಾಯಲ್ಲಿ ಕಚ್ಚಿಕೊಂಡು, ಇಡೀ ಎರಡನೆಯ ಹಾಡು ಅದರೊಳಗೆ ತಲೆ ಇಟ್ಟುಕೊಂಡೇ ಕುಳಿತ. ಶಿವರತ್ನಮ್ಮ ತಮ್ಮನ ತೋಳು ಹಿಡಿದು ಜಗ್ಗಿದಳು.

"ಕೂಸು ಎಲ್ಲವ್ಳೆ ಷಡಕ್ಷರಿ? ಇದ್ರೊಳಗೆ ನಮ್ ಕೂಸು ಎಲ್ಲವ್ಳೆ? ಅವ್ಳನ್ನ ಯಾರಾದ್ರೂ ಹೊಡೀತಾವ್ರಾ?"

"ಸುಮ್ನಿರಕ್ಕ, ಇದು ಪೀಠಿಕೆ."

ಪೀಠಿಕೆ ನಲವತ್ತೆಂಟು ನಿಮಿಷ ನಡೆಯಿತು. ನಡುವೆ ಪೂಜಾರಿ ಮಂಗಳಾರತಿ ಎತ್ತಿ ಗಂಟೆ ಬಾರಿಸಿದ. ಗಂಟೆ ಆಡುವುದು ಕಂಡಿತು, ಕೇಳಲಿಲ್ಲ. ಎಲ್ಲ ಮುಗಿದು ನಿಶ್ಶಬ್ದವಾದಾಗ ಪುಟ್ಟಬಸಮ್ಮ ಮುಗಿದ ಕೈಗಳನ್ನು ಒಂದೊಂದಾಗಿ ಕೆಳಗಿಳಿಸಿದಳು.

"ಮಾದಪ್ಪನ ಹೆಸ್ರು ಈಗ ಬತ್ತದೆ, ಇನ್ನೇನ್ ಬತ್ತದೆ ಅಂತ ಕೈ ಮುಕ್ಕಂಡು ಕೂತು ನನ್ ತೋಳೇ ಬಿದ್ದೋಯ್ತು ಕಣಪ್ಪೋ."

ಭಾನುವಾರ ಫೋನು ಬಂತು.

"ಕೇಳಿದ್ಯಾ ಅಪ್ಪ?"

"ಕೇಳ್ದೆ ಕೂಸೇ. ಊರೇ ಕೇಳ್ತು. ಶ್ಯಾನೆ ಚೆನ್ನಾಗದೆ."

"ನಿನಗೆ ಅಂತ ಇಟ್ಟಿದ್ದು ಯಾವುದು?"

ಷಡಕ್ಷರಿ ಬೆವರಿದ. ಮಿಲ್ಲಿನಲ್ಲಿ ಒಂದು ಸೇರಿಗೂ ಸುಳ್ಳು ಹೇಳದ ಮನುಷ್ಯ. "ಮೊದಲ್ನೇದು" ಎಂದ.



"ನೀನು ಕೇಳಿಲ್ಲಪ್ಪ. ಪರವಾಗಿಲ್ಲ. ಕೇಳಿದ ಮೇಲೆ ನೀನೇ ಫೋನ್ ಮಾಡು."

ಮುಂದಿನ ಭಾನುವಾರ ಷಡಕ್ಷರಿ ಮುಖಕ್ಷೌರ ಮಾಡಿಕೊಂಡು, ಒಗೆದ ಅಂಗಿ ತೊಟ್ಟು ಕುಳಿತ. ಹತ್ತಾಯಿತು, ಹನ್ನೊಂದಾಯಿತು. ಫೋನು ಬರಲಿಲ್ಲ. ತಿಂಡಿ ಆಯ್ತಾ ಎಂದು ಕೇಳುವವರಿಲ್ಲದ್ದಕ್ಕೋ ಏನೋ, ಆತ ಅಂದು ತಿಂಡಿ ತಿನ್ನುವುದನ್ನೇ ಮರೆತ.

ಸಂಜೆ ಗುಡಿಗೆ ಹೋಗಿ ಹರಕೆ ಹೊತ್ತ. ನಾಮವನ್ನಾದರೂ ನೂರೆಂಟು ಸಲ ಜಪಿಸಿದ ಮೇಲಲ್ಲವೇ ಅದು ಒಳಗಿಳಿಯುವುದು? ಮಗಳ ಹಾಡನ್ನೂ ನೂರೆಂಟು ಸಲ ಕೇಳುತ್ತೇನೆ, ನಿನ್ನ ಕೃಪೆ ಇರಲಿ ಎಂದ. ಬಸವಣ್ಣ ಬೇಡವೆನ್ನಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಮಿಂದು, ಲಿಂಗಪೂಜೆ ಮುಗಿಸಿ, ದೇವರ ದೀಪದ ಪಕ್ಕ ಸ್ಪೀಕರ್ ಡಬ್ಬಿ ಇಟ್ಟುಕೊಂಡು ಷಡಕ್ಷರಿ ಪದ್ಮಾಸನ ಹಾಕುವನು. ಬಿಡುವಾದರೆ ಸಂಜೆಗೂ ಒಮ್ಮೆ. ಲೆಕ್ಕ ತಪ್ಪಬಾರದೆಂದು ಎರಡು ಲೋಟ. ಒಂದು ಸಲ ಕೇಳಿದರೆ ಒಂದು ಅವರೆಕಾಳು ಈ ಲೋಟದಿಂದ ಆ ಲೋಟಕ್ಕೆ. ಮಿಲ್ಲಿಗೆ ಮಾತ್ರ ಡಬ್ಬಿಯನ್ನು ಒಯ್ಯುತ್ತಿರಲಿಲ್ಲ. ಅಷ್ಟು ಗದ್ದಲದಲ್ಲಿ ಹಾಡು ಹಾಕುವುದು ಹಾಡಿಗೆ ಅವಮಾನವೆಂದು ಆತನ ತಿಳುವಳಿಕೆ.

ಹದಿನೆಂಟು ಸಲ ಆದ ದಿನ ಮಧ್ಯಾಹ್ನ ಊಟಕ್ಕೆ ಬಂದರೆ, ಕಾರ್ತಿಕ ಸೋಮವಾರಕ್ಕೆಂದು ಬಂದವಳು ಇನ್ನೂ ಹೊರಡದಿದ್ದ ಶಿವರತ್ನಮ್ಮ ಬಿಸಿ ಮುದ್ದೆಯ ಪಕ್ಕ ಸಾರು ಬಡಿಸಿದಳು. ಒಂದು ತುತ್ತು ಬಾಯಿಗಿಟ್ಟು ಷಡಕ್ಷರಿ ತಟ್ಟೆಗೆ ಬಗ್ಗಿ ನೋಡಿದ.

"ಅಕ್ಕ, ಈ ಅವರೆಕಾಳು ಎಲ್ಲಿತ್ತು?"

"ದೇವ್ರ ಮುಂದೆ ಎರಡು ಲೋಟ್ದಲ್ಲಿ ಅನ್ಯಾಯ ಒಣಗ್ತಿತ್ತು. ಯಾಕ್ಲಾ, ಬೆಂದಿಲ್ವಾ?"

ಹದಿನೆಂಟು ಸಲ ಕೇಳಿದ್ದೆಲ್ಲ ಸಾರಾಗಿತ್ತು. ಷಡಕ್ಷರಿ ಕಣ್ಣು ಮುಚ್ಚಿ ಅದನ್ನು ಪ್ರಸಾದದಂತೆ ಉಂಡು, ಮರುದಿನ ಮತ್ತೆ ಒಂದರಿಂದ ಶುರುಮಾಡಿದ.

ಇತ್ತ ಇನ್ನೊಂದು ವಿದ್ಯಮಾನ ನಡೆದಿತ್ತು. ಗುಡಿಯ ಹಿಂದೆಯೇ ನಂಜಯ್ಯನ ರಾಗಿ ಹೊಲ. ದಿನಾ ದೀಪ ಹಚ್ಚುವ ಹೊತ್ತಿಗೆ ಕಾಡಿನಿಂದ ಹಂದಿ ಹಿಂಡು ಬಂದು ತೆನೆ ಮುಕ್ಕುತ್ತಿತ್ತು. ಆ ಕಾರ್ತಿಕ ಸೋಮವಾರ ಮಾತ್ರ ಬಂದಿರಲಿಲ್ಲ. ಮಂಗಳವಾರ ಬಂದವು. ನಂಜಯ್ಯ ನಾಲ್ಕು ದಿನ ಯೋಚನೆ ಮಾಡಿ, ಅರಣ್ಯ ವಾಚರ್ ಬಿಳಿಗಿರಿಯನ್ನು ಕರೆದುಕೊಂಡು ಮಿಲ್ಲಿಗೆ ಬಂದ.

"ಲೇ ಷಡಕ್ಷರಿ, ನಿನ್ ಮಗಳ ಹಾಡು ಒಸಿ ಕೊಡ್ಲಾ."

ಷಡಕ್ಷರಿಯ ಎದೆ ಉಬ್ಬಿತು. "ಕೇಳೀಯಾ?"

"ನಾ ಅಲ್ಲ. ಹಂದಿ."

"ಪಟಾಕಿಗೆ ಅವು ಈಗ ಕ್ಯಾರೆ ಅನ್ನಲ್ಲ ಅಣ್ಣ" ಎಂದ ಬಿಳಿಗಿರಿ, ಬಹಳ ಗೌರವದಿಂದ. "ನಿಮ್ ಕೂಸಿನ ಹಾಡಿಗೆ ಓಡ್ತವೆ. ಇಂಥಾದ್ದು ನಮ್ ಇಲಾಖೇಲೂ ಇಲ್ಲ."

ಇದು ಹೊಗಳಿಕೆಯೋ ಅಲ್ಲವೋ ಎಂದು ಷಡಕ್ಷರಿ ಇನ್ನೂ ಲೆಕ್ಕ ಹಾಕುತ್ತಿರುವಾಗಲೇ ಪೆನ್‌ಡ್ರೈವು ನಂಜಯ್ಯನ ಜೇಬಿಗೆ ಹೋಗಿಯಾಗಿತ್ತು. ಶಾಂತರಾಜುವಿನ ಎರಡು ಪೆಟ್ಟಿಗೆ ಹೊಲದ ಅಟ್ಟಣೆ ಏರಿದವು. ಸಂಜೆಯಾದರೆ ತೌಡು. ಹಂದಿಗಳು ದಿಕ್ಕಾಪಾಲು. ನಂಜಯ್ಯನ ರಾಗಿ ಉಳಿಯಿತು, ಅಕ್ಕಪಕ್ಕದ ಹೊಲದವರದೂ ಉಳಿಯಿತು.

ಆದರೆ ಅಟ್ಟಣೆಯ ಮೇಲೆ ಕುಳಿತವನಿಗೂ ಕಿವಿ ಇರುತ್ತದಲ್ಲ. ಎರಡನೆಯ ವಾರಕ್ಕೆ ನಂಜಯ್ಯ ಮಿಲ್ಲಿನ ಕಟ್ಟೆಯ ಮೇಲೆ ಕುಳಿತು, ಬೀಡಿ ಹಚ್ಚಿ, ಪಂಡಿತನಂತೆ ಮಾತಾಡತೊಡಗಿದ.

"ಎರಡ್ನೇದು ಒಸಿ ಉದ್ದ ಆಯ್ತು ಕಣ್ಲಾ. ನಾಕ್ನೇದು ನೋಡು, ಸುರುವಾದ್ರೆ ದೂರದಲ್ಲಿ ಮಳೆ ಕಟ್ಕಂಡು ಬಂದಂಗಾಯ್ತದೆ. ಬಂತು ಬಂತು ಅಂತೀವಿ, ಬರಾಕಿಲ್ಲ. ಮೈಯೆಲ್ಲ ಒಂಥರಾ ಆಗೋಯ್ತದೆ."

"ಏನ್ ನಾಕ್ನೇದು!" ಎಂದ ಶಾಂತರಾಜು. "ಏಳ್ನೇದ್ರ ಮುಂದೆ ನಿವಾಳಿಸ್ಬೇಕು."

ಇಬ್ಬರಿಗೂ ಜಗಳವೇ ಆಯಿತು. ಷಡಕ್ಷರಿ ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ ನೋಡುತ್ತ ನಿಂತ. ಊರವರಿಗೆಲ್ಲ ಕೇಳಿಸುತ್ತಿದೆ, ಹೆತ್ತವನಿಗೆ ಮಾತ್ರ ಇಲ್ಲ.

ಮೂರನೆಯ ವಾರದ ಒಂದು ಸಂಜೆ ಬಿಳಿಗಿರಿ ಜೋರಾಗಿ ಸೈಕಲ್ಲು ತುಳಿಯುತ್ತ ಬಂದ.

"ಕೆಲ್ಸ ಕೆಟ್ಟೋಯ್ತು ಅಣ್ಣ. ಹಂದಿಗಳು ಓಡ್ತಾ ಇಲ್ಲ."

"ಹಾಡು ಹಾಕಿಲ್ವಾ?"

"ಹಾಕೇ ಅದೆ. ನಿಂತ್ಕಂಡು ಕೇಳ್ತಾವೆ."

ಷಡಕ್ಷರಿ ಹೋಗಿ ಕಣ್ಣಾರೆ ನೋಡಿದ. ಸಂಜೆಗೆಂಪಿನಲ್ಲಿ ಹನ್ನೆರಡು ಹಂದಿ, ಮೂರು ಮರಿ. ಪೆಟ್ಟಿಗೆಗೆ ಎದುರಾಗಿ, ತಲೆ ತಗ್ಗಿಸಿ, ತಮ್ಮ ತಮ್ಮ ಪಾದದ ಬುಡದಲ್ಲಿದ್ದ ತೆನೆಯನ್ನು ಶಾಂತವಾಗಿ ಮೆಲ್ಲುತ್ತಿದ್ದವು. ನಾಲ್ಕನೆಯ ಹಾಡು ಬಂದಾಗ ದೊಡ್ಡದೊಂದು ಮೆಲ್ಲುವುದನ್ನೂ ನಿಲ್ಲಿಸಿ ಕಿವಿ ನಿಮಿರಿಸಿತು.

"ನೋಡ್ದಾ, ಅದೂ ನಾಕ್ನೇದೇ ಅಂತದೆ" ಎಂದ ನಂಜಯ್ಯ. ರಾಗಿ ಹೋದ ದುಃಖಕ್ಕಿಂತ ಏಳನೆಯದರ ಪಕ್ಷ ಸೋತ ಸಂತೋಷ ಹೆಚ್ಚಿತ್ತು.

ಷಡಕ್ಷರಿ ಹೊಲದ ಬದುವಿನ ಮೇಲೆ ಕುಸಿದು ಕುಳಿತ. "ನಂಜಯ್ಯ, ಒಂದ್ ಮಾತು ಕೇಳ್ತೀನಿ, ನಗಬ್ಯಾಡ. ಇದ್ರೊಳಗೆ ನನ್ಗೆ ಅಂತ ಒಂದು ಹಾಡು ಮಡಗವ್ಳಂತೆ. ಹಂದಿಗೂ ತಿಳೀತು. ನನ್ಗೆ ತಿಳೀನಿಲ್ಲ. ಮೂರ್ ಭಾನುವಾರ ಆಯ್ತು ಕೂಸಿನ ಮಾತು ಕೇಳಿ."

ನಂಜಯ್ಯ ನಗಲಿಲ್ಲ. ಬೀಡಿ ಆರಿಸಿದ.

"ಆರ್ನೇದ್ರಲ್ಲಿ ಯಾರೋ ಹೆಣ್ಮಗಳು ಏನೋ ಅಂತಾಳೆ ಕಣ್ಲಾ. ನಿನ್ ಕೂಸಿನ ದನಿ ಅಲ್ಲ, ಇನ್ಯಾರೋ. ಒಳಮನೆಯಿಂದ ಕರ್ದಂಗೆ. ಏನಂತಾಳೆ ಅಂತ ಎಷ್ಟ್ ಕಿವಿ ಕೊಟ್ರೂ ಸಿಕ್ಕಾಕಿಲ್ಲ."

ಅಂದಿನಿಂದ ಆರನೆಯದು ಬಂದರೆ ಷಡಕ್ಷರಿ ಡಬ್ಬಿಗೆ ಕಿವಿ ಅಂಟಿಸುವನು. ಬಾಗಿಲು ಹಾಕಿದ, ಕಿಟಕಿ ಹಾಕಿದ, ಹಸುವಿನ ಕೊರಳ ಗಂಟೆ ಬಿಚ್ಚಿದ, ಅಕ್ಕನಿಗೆ ಉಸಿರಾಡದಿರಲು ಹೇಳಿದ. ಶಿವರತ್ನಮ್ಮ ಕೋಪ ಮಾಡಿಕೊಂಡು ಯಳಂದೂರಿನ ಬಸ್ಸು ಹತ್ತಿದಳು. ಮನೆ ಎಷ್ಟು ಮೌನವಾಯಿತೋ ಹಾಡಿನ ಗದ್ದಲ ಅಷ್ಟು ದೊಡ್ಡದಾಯಿತು. ದನಿ ಸಿಗಲಿಲ್ಲ. ಅವರೆಕಾಳು ನಲವತ್ತಾದವು.

ಅಷ್ಟರಲ್ಲಿ ಹೊಸ ರಾಗಿ ಕಣದಿಂದ ಮನೆಗೆ ಬಂತು. ಮಿಲ್ಲಿನ ಮುಂದೆ ಬೆಳಿಗ್ಗೆ ಏಳಕ್ಕೇ ಚೀಲಗಳ ಸಾಲು. ಪೂಜೆಗೇ ಹೊತ್ತಿಲ್ಲ, ಹಾಡಿಗೆಲ್ಲಿ? ಹರಕೆ ತಪ್ಪಬಾರದೆಂದು, ಬೇರೆ ದಾರಿ ಕಾಣದೆ, ಷಡಕ್ಷರಿ ಮನಸ್ಸಿನಲ್ಲೇ ಮಗಳ ಕ್ಷಮೆ ಕೇಳಿ ಡಬ್ಬಿಯನ್ನು ಮಿಲ್ಲಿಗೇ ತಂದ. ಕಾಳು ಸುರಿಯುವ ತಗಡಿನ ಬಾಯಿಯ ಪಕ್ಕದ ಮೊಳೆಗೆ ನೇತುಹಾಕಿದ. ಮೋಟಾರು ಚಾಲೂ ಮಾಡಿದ. ಮೊದಲ ಐದು ಹಾಡುಗಳಿಗೆ ನಾಲ್ಕು ಮನೆಯ ರಾಗಿ ಹಿಟ್ಟಾಯಿತು. ಹಾಡು ಬರುತ್ತಿದೆಯೆಂದು ಆತನಿಗೆ ನೆನಪೂ ಉಳಿಯಲಿಲ್ಲ. ಇಪ್ಪತ್ತೈದು ವರ್ಷ ಮೋಟಾರಿನ ಗುಡುಗನ್ನು ಬದಿಗೆ ಸರಿಸಿ ಅದರ ಹಿಂದಿನದನ್ನು ಕೇಳಿದ ಕಿವಿ ತನ್ನ ಪಾಡಿಗೆ ತನ್ನ ಕೆಲಸ ಮಾಡುತ್ತಿತ್ತು.

ಪುಟ್ಟಬಸಮ್ಮನ ಸರದಿ. ಅರ್ಧ ಚೀಲ ರಾಗಿಯಲ್ಲಿ ಮೊದಲ ಪಾಲು ಸುರಿದಿದ್ದ. ಷಡಕ್ಷರಿ ಹಿಟ್ಟು ಮೆತ್ತಿದ ತನ್ನ ಪಾದ ನೋಡುತ್ತ, ತಲೆ ತಗ್ಗಿಸಿ, ಮೋಟಾರಿನ ಗುಂಡಿಯ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. ರಾಗಿ ಮುಗಿಯುತ್ತ ಬಂತು. ಸದ್ದು ತೆಳುವಾಯಿತು. ಇನ್ನೇನು ಗುಂಡಿ ಒತ್ತಬೇಕು.

"ನಿಲ್ಲಿಸ್ಬ್ಯಾಡಿ, ಇನ್ನೊಂದ್ ಹಿಡಿ ಅದೆ."

"ಹ್ಞೂಂ, ನಿಲ್ಲಿಸಲ್ಲ ಬುಡು" ಎಂದ ಷಡಕ್ಷರಿ, ತಲೆ ಎತ್ತದೆ.

ಆ ಒಂದು ಹಿಡಿಗಾಗಿ ಕಾದ. ಹಿಡಿ ಬರಲಿಲ್ಲ. ಬರಿಗಲ್ಲು ಕಿರುಗುಟ್ಟಿತು, ಕಮಟು ವಾಸನೆ ಎದ್ದಿತು, ಹಿಟ್ಟಿನ ಚೀಲದಿಂದ ಹೊಗೆಯಂತೆ ಏನೋ ಏರಿತು. ಆತ ಕಾಯುತ್ತಲೇ ಇದ್ದ.

"ಹಿಟ್ಟು ಸುಟ್ಟೋಯ್ತದೆ ಕಣಪ್ಪೋ! ಏನ್ ಬಂದದೆ ನಿಂಗೆ, ಆರ್ಸೋ!" ಪುಟ್ಟಬಸಮ್ಮ ಕಿರುಚಿ, ಆತನ ಕೈಯನ್ನೇ ಹಿಡಿದು ಗುಂಡಿ ಒತ್ತಿಸಿದಳು.

ಮೋಟಾರು ನಿಂತಿತು. ಆದರೆ ಮಿಲ್ಲಿನ ಸದ್ದು ನಿಲ್ಲಲಿಲ್ಲ. ಮೊಳೆಗೆ ನೇತುಬಿದ್ದ ಡಬ್ಬಿಯಿಂದ ಅದು ಬರುತ್ತಲೇ ಇತ್ತು. ಇದೇ ಮೋಟಾರು, ಇದೇ ಕಲ್ಲು, ಬೆಲ್ಟಿನ ಹೊಲಿಗೆ ಗಾಲಿಗೆ ತಗುಲಿ ಏಳುವ ಇದೇ ಪಟ್ ಪಟ್. ಅದರ ಮೇಲೆ ಗಿಟಾರುಗಳು ಮೂಟೆ ಮೇಲೆ ಮೂಟೆ ಹೇರಿದಂತೆ.

ಷಡಕ್ಷರಿ ಹಿಟ್ಟಿನ ಕೈಯಲ್ಲೇ ಫೋನು ಎತ್ತಿದ. ಆ ದಿನ ಭಾನುವಾರವೂ ಅಲ್ಲ, ಮುಖಕ್ಷೌರವೂ ಆಗಿರಲಿಲ್ಲ.

"ಕೂಸೇ. ಆರ್ನೇದು."

ಆ ಕಡೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಬಾಗಿಲು ಎಳೆದುಕೊಂಡ ಸದ್ದಾಯಿತು. ಗಲಾಟೆ ದೂರವಾಯಿತು.

"ಏನ್ ಕೇಳಿಸ್ತಪ್ಪ?"

"ನಿಮ್ಮವ್ವ ನಿಲ್ಲಿಸ್ಬ್ಯಾಡಿ ಅಂದ್ಲು. ನಾ ನಿಲ್ಲಿಸ್ನಿಲ್ಲ. ಪುಟ್ಟಬಸಮ್ಮನ ಹಿಟ್ಟು ಸುಟ್ಟೋಯ್ತು."

ನಾಗಶ್ರೀ ನಕ್ಕಳು. ನಗು ನಡುವೆಯೇ ಮುರಿಯಿತು. ಅಪ್ಪ ಕಾದ. ಕಾಯುವುದು ಈಗ ಆತನಿಗೆ ಅಭ್ಯಾಸವಾಗಿತ್ತು.

"ಒಂದ್ಸಲ ರಜಕ್ಕೆ ಬಂದಾಗ ಮಿಲ್ಲಿನ ಸದ್ದನ್ನ ಫೋನಲ್ಲಿ ಹಿಡ್ಕೊಂಡಿದ್ದೆ. ಅದರಲ್ಲಿ ಅವ್ವ ಸಿಕ್ಕಿಬಿಟ್ಟಿದ್ಲು. ಅವ್ವನ ದನಿ ಅಂತ ನನ್ನ ಹತ್ರ ಇರೋದು ಅಷ್ಟೇ ಅಪ್ಪ, ಒಂದು ಮಾತು. ಬರಿದಾಗಿ ಕೇಳಕ್ಕೆ ನನ್ನ ಕೈಲಿ ಆಗ್ಲಿಲ್ಲ. ಬರಿದಾಗಿ ನಿಂಗೆ ಕೊಡಕ್ಕೂ ಧೈರ್ಯ ಬರ್ಲಿಲ್ಲ. ಅದಕ್ಕೇ ಅದರ ಮೇಲೆ ಅಷ್ಟೊಂದು ಸದ್ದು ಹೊದಿಸ್ದೆ."

"ಒಳ್ಳೇದ್ ಮಾಡ್ದೆ ಕಣವ್ವ" ಎಂದ ಷಡಕ್ಷರಿ. "ಚಳಿ ದಿನ."

ಆಮೇಲೆ ನಾಗಶ್ರೀಯೇ ಕೇಳಿದಳು.

"ಅಪ್ಪ, ಮಿಲ್ ಹಾಕ್ತೀಯಾ? ನಾನು ಇಲ್ಲಿಂದ ಕೇಳ್ತೀನಿ."

ಷಡಕ್ಷರಿ ಫೋನನ್ನು ಡಬ್ಬಿಯ ಪಕ್ಕದ ಮೊಳೆಗೆ ಸಿಕ್ಕಿಸಿ ಮೋಟಾರು ಚಾಲೂ ಮಾಡಿದ. ಪುಟ್ಟಬಸಮ್ಮನ ಉಳಿದ ರಾಗಿ ಸುರಿದ. ಮಗಳು ಆ ಕಡೆ ಅವ್ವನ ಸಂಗತಿ ಏನೇನೋ ಹೇಳತೊಡಗಿದಳು. ಆತ ಕೂಗಲಿಲ್ಲ. ಸದ್ದಿನ ಅಡಿಯಲ್ಲಿ ನುಸುಳಿಸಿ ಉತ್ತರ ಕೊಟ್ಟ. ಮೂರು ವರ್ಷದಿಂದ ಇಬ್ಬರೂ ಎತ್ತದಿದ್ದ ಹೆಸರು ಮೋಟಾರಿನ ಕೆಳಗೆ ಹೋಗಿ ಬಂದು ಮಾಡಿತು. ರಾಗಿ ಮುಗಿಯುತ್ತ ಬಂತು. ಕಲ್ಲು ಬರಿದಾಗುವ ಮೊದಲೇ ಷಡಕ್ಷರಿ ಮೂಲೆಯಲ್ಲಿದ್ದ ತನ್ನ ಮನೆಯ ರಾಗಿ ಚೀಲವನ್ನು ಎಳೆತಂದು ಒಂದು ಹಿಡಿ ಹಾಕಿದ. ಅದು ಮುಗಿಯುವ ಮೊದಲು ಇನ್ನೊಂದು ಹಿಡಿ. ಆಮೇಲೆ ಇನ್ನೊಂದು.

ತನ್ನ ಹಿಟ್ಟಿನ ಮೇಲೆ ಮಿಲ್ಲಿನವನ ಮನೆಯ ಹಿಟ್ಟು ಬಂದು ಬೀಳುತ್ತಿರುವುದನ್ನು ಪುಟ್ಟಬಸಮ್ಮ ಸ್ವಲ್ಪ ಹೊತ್ತು ನೋಡಿದಳು. ಷಡಕ್ಷರಿಯ ಮುಖವನ್ನೂ ನೋಡಿದಳು. ಕೊನೆಗೆ ಹೊರಗೆ ಕಾಯುತ್ತಿದ್ದ ಸಾಲಿಗೆ ಕೇಳುವಂತೆ ಬಾಗಿಲಲ್ಲಿ ನಿಂತು ಕೂಗಿದಳು:

"ಎಲ್ರೂ ಕೂತ್ಕಳಿ. ಇನ್ನೂ ನನ್ ಸರದಿ ಮುಗ್ದಿಲ್ಲ."